ಮುಷ್ಕರ ಎಂಬ ಪದ

ಅಕ್ಕಾ, ನಾನು ಗಟ್ಟಿಯಾಗಿದ್ದೇನೆ.

ಹೋಟೆಲಿನ ಬಟ್ಟೆ ಒಗೆಯುವ ನಮ್ಮ ಕೋಣೆಯಿಂದ ಮೇಲ್ವಿಚಾರಕ ಸ್ಟೂಲುಗಳನ್ನೆಲ್ಲ ಎತ್ತಿಸಿಬಿಟ್ಟಿದ್ದ. ಕೂತರೆ ಕೈ ಓಡುವುದಿಲ್ಲವಂತೆ! ಮೊನ್ನೆ ಬೆಳಿಗ್ಗೆ ನಾವು ಹನ್ನೊಂದು ಮಂದಿ ಹೆಂಗಸರು ಯಂತ್ರ ನಿಲ್ಲಿಸಿ, ಮುಷ್ಕರ ಹೂಡಿ ಅಂಗಳದಲ್ಲಿ ಕೂತೆವು.

ಹಿಂದೆ ಟೀಚರಾಗಿದ್ದು ಈಗ ನನ್ನ ಪಕ್ಕ ಬೆಡ್‌ಶೀಟ್ ಮಡಚುವವಳು ಮುಷ್ಕರಕ್ಕೆ ಬೇರೆ ಬೇರೆ ಭಾಷೆಗಳಲ್ಲಿರುವ ಪದಗಳ ಮೂಲ ಬಿಡಿಸಿದಳು. ಸ್ಪ್ಯಾನಿಷ್ ಪದದ ಬೇರು ಏದುಸಿರು, ದಣಿದವರು ಸುಧಾರಿಸಿಕೊಳ್ಳುವುದು. ಫ್ರೆಂಚಿನಲ್ಲಿ ಹೊಳೆದಂಡೆಯ ಮರಳು. ಕೆಲಸವಿಲ್ಲದವರು ಅಲ್ಲಿ ಸೇರುತ್ತಿದ್ದರಂತೆ. ಇಂಗ್ಲಿಷಿನದು ನಾವಿಕರು ಹಾಯಿ ಇಳಿಸಿ ಹಡಗು ತಡೆದದ್ದರಿಂದ ಬಂದದ್ದಂತೆ.

“ನಿಮ್ಮ ಭಾಷೇಲಿ?” ಎಂದು ಕೇಳಿದಳು.

“ಮುಷ್ಕರ. ಅಂದ್ರೆ ಹಠ,” ಎಂದೆ.

“ಹಾಗಾದ್ರೆ ನೀನೇ ಹೋಗಿ ಮಾತಾಡು!” ಎಂದು ಎಲ್ಲರೂ ನನ್ನನ್ನೇ ಮುಂದೆ ತಳ್ಳಿದರು.

“ನಾಳೆಯಿಂದ ಕೆಲಸಕ್ಕೆ ಬರಬೇಡ,” ಎಂದ ಮೇಲ್ವಿಚಾರಕ.

“ನಾಳೆ ಮಾತು ಯಾಕೆ ಸ್ವಾಮಿ, ಇವತ್ತೇ ಕೆಲಸ ಮಾಡ್ತಿಲ್ವಲ್ಲ,” ಎಂದೆ.

ಮಧ್ಯಾಹ್ನದ ಹೊತ್ತಿಗೆ ಹೋಟೆಲಿನಲ್ಲಿ ಒಗೆದ ಬೆಡ್‌ಶೀಟ್ ಒಂದೂ ಉಳಿಯಲಿಲ್ಲ. ಮೇಲ್ವಿಚಾರಕ ಹನ್ನೊಂದು ಸ್ಟೂಲುಗಳನ್ನು ತಾನೇ ಹೊತ್ತು ತಂದ. ಮುಖ ಹರಳೆಣ್ಣೆ ಕುಡಿದ ಹಾಗಿತ್ತು.

ಕಾಲಿನ ಊತ ಇಳಿಯುತ್ತಿದೆ, ಅಮ್ಮನಿಗೆ ಹೇಳು. ನಮ್ಮ ಕೋಣೆಯ ಕಿಟಕಿ ತೆರೆಯದಂತೆಯೂ ಅವನು ಮೊಳೆ ಹೊಡೆಸಿದ್ದಾನೆ, ಬರುವ ವಾರ ಅದನ್ನು ಕೀಳಿಸುವುದಿದೆ. ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ತಂಗಿ