ನಿಂಬೆಹಣ್ಣು ತುಳಿದು ಹೊರಟ ರೋಬೋಟ್

ಕೊಯಮತ್ತೂರು, ಗುರುವಾರ

ಸಿಟ್ಟಿನ ಹುಡುಗಿ ತೇನ್ಮೊಳಿಗೆ,

ಫೋನ್ ಎತ್ತುವುದಿಲ್ಲ, ವರ್ಕ್‌ಶಾಪಿನ ಕಡೆ ತಲೆ ಹಾಕುವುದಿಲ್ಲ. ಸರಿ, ಈ ಕಾಗದವನ್ನಾದರೂ ಓದು. ಬರೆಯಲು ಕೂರುತ್ತೇನೆ, ಎದ್ದು ಓಡಾಡುತ್ತೇನೆ, ಮತ್ತೆ ಕೂರುತ್ತೇನೆ. ಟೀ ಆರಿ ತಣ್ಣಗಾಗಿದೆ.

ನಮ್ಮ ಕಾಲೇಜಿನ ರೋಬೋಟ್ ಸ್ಪರ್ಧೆಗೆ ನಾನು ಎಂಥೆಂಥ ನಿಯಮ ಬರೆದಿದ್ದೆ, ನಿನಗೇ ಗೊತ್ತು. ತೂಕ, ಬ್ಯಾಟರಿ, ಚಕ್ರದ ಅಗಲ. ಒಮ್ಮೆ ಕಣಕ್ಕಿಳಿಸಿದ ಮೇಲೆ ಯಾರೂ ಮುಟ್ಟಬಾರದು ಎಂಬುದೂ ಇತ್ತು. ನಿಂಬೆಹಣ್ಣಿನ ವಿಷಯ ಮಾತ್ರ ಹೊಳೆದಿರಲಿಲ್ಲ. ಫೈನಲ್ ದಿನ ನಿನ್ನ ಎದುರಾಳಿ ಇಳಂಪರಿದಿಯ ಅಜ್ಜಿ ಸೆರಗಿನ ಗಂಟಿನಿಂದ ಹಣ್ಣು ತೆಗೆದು, "ಹೊಸ ಗಾಡಿ ಅಲ್ವೇನಮ್ಮಾ? ಹಣ್ಣು ತುಳಿಸದೆ ಯಾರಾದ್ರೂ ಹೊರಡಿಸ್ತಾರಾ?" ಎಂದಾಗ ಆಗಲಿ ಎಂದುಬಿಟ್ಟೆ. ನನ್ನ ಸ್ಕೂಟರೂ ಹಾಗೇ ಹೊರಟದ್ದು. ಎಲ್ಲರೂ ಚಪ್ಪಾಳೆ ತಟ್ಟಿದರು, ನೀನೂ ನಕ್ಕೆ. ಅವನ ರೋಬೋಟ್ ಹಣ್ಣನ್ನು ಪಚಕ್ಕನೆ ಒಡೆದು ಮುಂದೆ ಹೋಗಿ ಕಣದಲ್ಲಿಟ್ಟಿದ್ದ ಡಬ್ಬಗಳನ್ನೆಲ್ಲ ಗೂಡಿಗೆ ಸೇರಿಸಿತು.

ಆಮೇಲೆ ಅದೇ ಜಾಗದಿಂದ ನಿನ್ನದು ಹೊರಡಬೇಕಿತ್ತು. ಸಿಪ್ಪೆ ಹೆಕ್ಕಿಸಿದೆ, ರಸ ಒರೆಸಲು ಹೇಳಲಿಲ್ಲ. ಎಡಗಡೆಯ ಚಕ್ರ ನಿಂತಲ್ಲೇ ಗಿರ್ರನೆ ಸುತ್ತಿತು. ರೋಬೋಟ್ ಅಡ್ಡ ತಿರುಗಿ ಅಂಚಿಗೆ ಗುದ್ದಿತು. "ನೆಲ ಒದ್ದೆ ಇದೆ ಮೇಡಂ, ಒರೆಸಿಬಿಡ್ತೀನಿ!" ಎಂದು ನೀನು ಓಡಿಬಂದೆ. "ಮುಟ್ಟಬೇಡ!" ಎಂದು ಕೂಗಿದವಳು ನಾನೇ. "ನಿಮ್ಮ ನಿಯಮ ನನಗೊಬ್ಬಳಿಗೇನಾ?" ಎಂದು ಕೇಳಿ ಹೋದವಳು ಮತ್ತೆ ಬರಲಿಲ್ಲ.

ಗೆದ್ದವರು ಮುಂದಿನ ಸುತ್ತಿಗೆ ಪುಣೆಗೆ ಹೋಗುತ್ತಾರೆ. ಹೋಗಬೇಕಾದವಳು ನೀನೇ ಎನ್ನಲಾರೆ. ಯಾರ ಯಂತ್ರ ಮೇಲು ಎಂಬುದು ಯಾರಿಗೂ ಗೊತ್ತಾಗಲಿಲ್ಲವಲ್ಲ, ಅದೇ ನನ್ನನ್ನು ಕೊರೆಯುತ್ತಿದೆ. ಇಷ್ಟು ವರ್ಷ ಯಂತ್ರಗಳನ್ನೇ ಪರೀಕ್ಷಿಸುತ್ತ ಬಂದೆ. ಸ್ಪರ್ಧೆ ನಡೆಸುವವಳು ಮೊದಲು ನೋಡಬೇಕಾದ್ದು ನೆಲವನ್ನು. ಇಬ್ಬರಿಗೂ ಒಂದೇ ನೆಲ ಸಿಗಲಿಲ್ಲವೆಂದರೆ ಮಿಕ್ಕ ನಿಯಮಗಳಿದ್ದು ಏನು ಪ್ರಯೋಜನ?

ನಿನ್ನೆ ತೀರ್ಪುಗಾರರ ಜೊತೆ ಜಗಳವಾಡಿದೆ. "ನಿಂಬೆಹಣ್ಣಿಗೆಲ್ಲ ಮರುಪಂದ್ಯ ಕೊಟ್ರೆ ಜನ ನಗ್ತಾರೆ ಮೇಡಂ," ಎಂದರು. ನಗಲಿ ಎಂದೆ. ಕೊನೆಗೆ ಅವರ ಬಾಯಿ ಮುಚ್ಚಿಸಿದ್ದು ಇಳಂಪರಿದಿ. ಕಪ್ ತಂದು ಮೇಜಿನ ಮೇಲಿಟ್ಟು, "ಇನ್ನೊಂದ್ಸಲ ಓಡಿಸೋಣ ಸರ್. ಆ ಚಂಡಿ ಜೊತೆ ಇನ್ನೂ ಎರಡು ವರ್ಷ ಒಂದೇ ಕ್ಲಾಸಲ್ಲಿ ಕೂರ್ಬೇಕು ನಾನು. ದಿನಾ ಹಂಗಿಸಿ ಸಾಯಿಸ್ತಾಳೆ," ಎಂದ. ಅವನ ಅಜ್ಜಿ ನಿನ್ನ ಹೆಸರು ಹೇಳಿಕೊಂಡು ಸರಿಯಾಗಿ ಊಟ ಮಾಡುತ್ತಿಲ್ಲವಂತೆ.

ಶನಿವಾರ ಬೆಳಿಗ್ಗೆ ಮರುಪಂದ್ಯ. ನೆಲ ನಾನೇ ಒರೆಸುತ್ತೇನೆ. ನೀನು ಬಗ್ಗಿ ಕೈಯಾಡಿಸಿ ನೋಡು, ಅವನೂ ನೋಡಲಿ, ಆಮೇಲೆ ಶುರು. ಬರುತ್ತೀಯೋ ಇಲ್ಲವೋ ಎಂಬುದೇ ನನ್ನ ತಳಮಳ. ಬಾಗಿಲ ಸದ್ದಾದರೆ ನೀನೇ ಎಂದು ತಿರುಗುತ್ತೇನೆ, ಬಂದಿರುವುದು ಇನ್ಯಾರೋ. ಗೆಲ್ಲುತ್ತೀಯೆಂದು ಆಸೆ ಹುಟ್ಟಿಸಲಾರೆ ಕಣಮ್ಮಾ, ಅವನದೂ ಗಟ್ಟಿ ಯಂತ್ರ. ನೀನು ಸೋಲಬಹುದು. ಆದರೆ ಈ ಸಲ ಸೋತರೆ ನೀನೇ ಸೋತಿರುತ್ತೀಯ, ನಾನು ಸೋಲಿಸಿರುವುದಿಲ್ಲ.

ಕೈ ನಡುಗದಿರಲಿ, ಮನಸ್ಸು ಹಗುರಾಗಲಿ.

ದಾರಿ ನೋಡುತ್ತಿರುವ
ಸೆಲ್ವರಾಣಿ ಮೇಡಂ