ಹೆಣ್ಣಿನ ಕಡೆಯವರು ಬಂದಿದ್ದರು

ಅಪಾಮ್
12 ಆಗಸ್ಟ್ 1998, ಬುಧವಾರ

ನನ್ನ ಮುದ್ದು ಎಕೋ,

ಹೇಗಿದ್ದೀಯಪ್ಪ? ಕುಮಾಸಿಯ ಥಂಡಿಗೆ ನಿನ್ನ ಕೆಮ್ಮು ಮತ್ತೆ ಶುರುವಾಗಿಲ್ಲ ತಾನೆ? ಶಾಲೆ ಮಕ್ಕಳ ಮುಂದೆ ಕೂಗಿ ಕೂಗಿ ಗಂಟಲು ಕೆಡಿಸಿಕೊಳ್ಳಬೇಡ. ಇಲ್ಲಿ ಈ ಸಲ ಮೀನು ಚೆನ್ನಾಗಿ ಬಿದ್ದಿದೆ. ಹೊಗೆಯಲ್ಲಿ ಮೀನು ಒಣಗಿಸಿ ಒಣಗಿಸಿ ಕಣ್ಣು ಕೆಂಪಾಗಿದೆ, ಅಕ್ಷರ ಸೊಟ್ಟಗಾದರೆ ಬೈಯಬೇಡಿ ಮೇಷ್ಟ್ರೇ.

ಅಪ್ಪನ ಸುದ್ದಿ ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಚೇತರಿಸಿಕೊಂಡಿದ್ದಾರೆ. ನರ್ಸಮ್ಮ ಕೊಡುವ ಮಾತ್ರೆ ತಪ್ಪಿಸುವುದಿಲ್ಲ, ಹೊಟ್ಟೆ ತುಂಬ ಉಣ್ಣುತ್ತಾರೆ, ಮೊನ್ನೆ ನನ್ನ ಅಡುಗೆಯನ್ನು ಆಡಿಕೊಂಡು ನಕ್ಕರು ಕೂಡ. ನೀನು ಕಂಡದ್ದು ಕೆಟ್ಟ ಕಾಲ. ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಸ್ನಾನಕ್ಕೂ ಏಳುತ್ತಿರಲಿಲ್ಲ. ಮನೆಯಲ್ಲಿ ಯಾರೂ ಸತ್ತಿರಲಿಲ್ಲ, ದೋಣಿ ಮುಳುಗಿರಲಿಲ್ಲ. ಅದಕ್ಕೇ ಊರೆಲ್ಲ ಕಾರಣ ಹುಡುಕಿತು. ಮಾಟ ಎಂದರು, ಹಳೆಯ ಪಾಪ ಎಂದರು. ಪ್ರಾರ್ಥನೆಯ ಮನೆಯಲ್ಲಿ ಉಪವಾಸ ಕೆಡವಿ ಇನ್ನಷ್ಟು ಸೊರಗಿಸಿದರು. ದೋಣಿಯವರಂತೂ, "ಮೂರು ಹೊತ್ತು ಕೆಂಕೆ ಮುದ್ದೆ ನುಂಗೋ ಗಂಡಸಿಗೆ ಅದ್ಯಾವ ಕಾಯಿಲೆ? ಮೈಗಳ್ಳ!" ಎಂದು ಅವರ ಜಾಗವನ್ನು ಬೇರೆಯವರಿಗೆ ಕೊಟ್ಟುಬಿಟ್ಟರು. ನಿನ್ನನ್ನು 'ಹುಚ್ಚನ ಮಗ' ಎಂದು ಕೂಗುತ್ತಿದ್ದದ್ದೂ ನನಗೆ ಗೊತ್ತು. ನೀನು ಊರು ಬಿಟ್ಟದ್ದನ್ನು ನಾವಿಬ್ಬರೂ ತಪ್ಪೆನ್ನಲಿಲ್ಲ.

ನಿನ್ನೆ ಮಂಗಳವಾರ, ಕಡಲ ದೇವರ ದಿನ, ಕಡಲಿಗೆ ಇಳಿಯುವ ಹಾಗಿಲ್ಲವಲ್ಲ. ಅಪ್ಪ ಪಕ್ಕದ ಮನೆಯ ಕ್ವಾನ್ಸಾ ಜೊತೆ ಅಂಗಳದಲ್ಲಿ ಬಲೆ ಹೊಲಿಯುತ್ತಿದ್ದರು. ಕುಮಾಸಿಯಿಂದ ಇಬ್ಬರು ಹೆಂಗಸರು ಬಂದರು. ಸೆರ್ವಾ ಎಂಬ ಹುಡುಗಿಯ ದೊಡ್ಡಮ್ಮ, ಚಿಕ್ಕಮ್ಮ. ಸೊಸೆಯಾಗುವವಳ ಹೆಸರನ್ನು ನಾನು ತಿಳಿದದ್ದು ಹೀಗೆ. ಮನೆತನ ವಿಚಾರಿಸಲು ಬಂದವರೆಂದು ಗೊತ್ತಾಗಿ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಓಡಿಹೋಗಿ ನೀರು ತಂದೆ. ನೀರು ಕುಡಿದು ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡಳು.

"ಎಕೋ ಎಲ್ಲಾ ಹೇಳಿದಾನಮ್ಮ. ಯಜಮಾನ್ರು ತೀರ್‍ಕೊಂಡ್ರಂತೆ. ನಿಮ್ಮ ದುಃಖ ನಮ್ಮದೂ ಅಂತ ತಿಳ್ಕೊಳ್ಳಿ."

ಕ್ವಾನ್ಸಾ ಏನೋ ಹೇಳಲು ಹೋದ. ಅಪ್ಪ ಅವನ ಮಂಡಿಯನ್ನು ಅದುಮಿ ಹಿಡಿದರು. ಆಮೇಲೆ ಎದ್ದುನಿಂತು, ಹೆಗಲ ಮೇಲಿನ ಬಟ್ಟೆ ಸರಿಮಾಡಿಕೊಂಡು, "ಹೌದಮ್ಮ, ಹೋದ. ನಾನು ಅವನ ಅಣ್ಣ" ಎಂದರು.

ಚಿಕ್ಕಮ್ಮನಿಗೆ ಅಷ್ಟು ಸಾಲಲಿಲ್ಲ. "ಕೇಳ್ತೀನಂತ ಬೇಜಾರ್ ಮಾಡ್ಕೋಬೇಡಿ. ನಿಮ್ಮ ವಂಶದಲ್ಲಿ ತಲೆ ಕೆಟ್ಟೋರು ಯಾರಾದ್ರೂ...?"

"ಯಾರೂ ಇಲ್ಲ ತಾಯಿ."

ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. ನಿನಗೆ ಈಜು ಕಲಿಸಿದ್ದು, ನೀನು ಶಾಲೆಗೆ ಮೊದಲಿಗನಾಗಿ ಪಾಸಾದಾಗ ಇಡೀ ದಡಕ್ಕೆ ಕೇಳುವ ಹಾಗೆ ಕೂಗಿದ್ದು, ಎಲ್ಲವನ್ನೂ ಬೇರೆ ಯಾರದೋ ಕಥೆಯ ಹಾಗೆ ಹೇಳಿದರು. "ನನ್ನ ತಮ್ಮನಿಗೆ ಆ ಹುಡುಗ ಅಂದ್ರೆ ಪ್ರಾಣ ಕಣಮ್ಮ." ಹೆಂಗಸರು ಕಣ್ಣೊರೆಸಿಕೊಂಡರು. ಒಪ್ಪಿಕೊಂಡೇ ಹೋದರು, ಹೆದರಬೇಡ.

ಅವರು ಅತ್ತ ಹೋದ ಮೇಲೆ ನಾನು ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದೆ. ಗಂಡ ಕಣ್ಣೆದುರು ಕೂತಿರುವಾಗಲೇ ನನ್ನನ್ನು ವಿಧವೆ ಮಾಡಿದೆಯಲ್ಲೋ! ಅಪ್ಪ ಬಿಡಲಿಲ್ಲ. "ಹುಡುಗ ಏನ್ ಮಾಡ್ತಾನೆ ಕಣೇ? ನಿಜ ಹೇಳಿದ್ರೆ ಅವ್ರು ನಮ್ಮ ಹೊಸ್ತಿಲು ತುಳೀತಿದ್ರಾ?" ಎಂದು ಬಲೆ ಮಡಚಿಟ್ಟು ಒಳಗೆ ಹೋದರು. ಮತ್ತೆ ಗೋಡೆಯ ಕಡೆ ತಿರುಗಿಬಿಡುತ್ತಾರೇನೋ ಎಂದು ನನಗೆ ಜೀವ ಹಾರಿತ್ತು. ಇಲ್ಲ, ಇವತ್ತು ಬೆಳಿಗ್ಗೆ ಎದ್ದು ಮುಖ ತೊಳೆದರು.

ಕ್ಷಯವೋ ಜ್ವರವೋ ಬಂದು ಮಲಗಿದ್ದರೆ ನೀನು ಅಪ್ಪನನ್ನು ಸಾಯಿಸುತ್ತಿರಲಿಲ್ಲ, ಅಲ್ಲವೇನೋ? ಇದೊಂದು ಮಾತು ನಿನ್ನೆಯಿಂದ ಕೊರೆಯುತ್ತಿದೆ. ಉತ್ತರ ಬರೆಯಬೇಡ.

ನಿನಗೂ ಸೆರ್ವಾಳಿಗೂ ದೇವರು ಮನೆತುಂಬ ಮಕ್ಕಳನ್ನೂ ನೆಮ್ಮದಿಯನ್ನೂ ಕೊಡಲಿ. ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ,
ಅರಬಾ

ತಾ.ಕ.: ಕಾಗದ ಒಯ್ಯುವ ಲಾರಿ ಹೊರಡುತ್ತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಯಾವಾಗ ತೀರಿಕೊಂಡದ್ದು ಎಂದು ಆ ಹೆಂಗಸರು ಕೇಳಿದಾಗ ಅಪ್ಪ, ತಾವು ಕಾಯಿಲೆ ಬಿದ್ದ ವರ್ಷವನ್ನೇ ಹೇಳಿದ್ದಾರೆ. ನೀನು ಬೇರೆ ಹೇಳಿದ್ದರೆ ಬೇಗ ತಿಳಿಸಬೇಕಂತೆ, ಮಾತು ಎರಡಾಗಬಾರದಂತೆ. ಮತ್ತೆ, ಮದುವೆಗೆ ತಾವು ದೊಡ್ಡಪ್ಪನಾಗಿ ಬಂದರೆ ನಿನಗೇನಾದರೂ ತೊಂದರೆಯೇ ಎಂದು ಕೇಳುತ್ತಿದ್ದಾರೆ.