ಸಂಘದ ಜಮಖಾನೆಯ ಕಲೆ

ಮಾಟುಂಗ, ೧೯ ಜನವರಿ ೧೯೫೬

ಕನ್ನಡ ಸಂಘದ ಕಾರ್ಯದರ್ಶಿ ಕೇಶವಮೂರ್ತಿಯವರಿಗೆ,

ಕಳೆದ ಭಾನುವಾರ, ಸಂಕ್ರಾಂತಿಯ ಸಭೆಯಲ್ಲಿ, ನೀವು ನನ್ನ ತಾಯಿ ಚನ್ನವ್ವನವರನ್ನು ಎಲ್ಲರೆದುರು ಅವಮಾನಿಸಿದಿರಿ. ಜಮಖಾನೆಯ ಮೇಲಿದ್ದ ಕಂದು ಕಲೆಯನ್ನು ತೋರಿಸಿ, “ಎಲೆಯಡಿಕೆ ಉಗುಳೋರು ಹೊರಗೆ ಬೆಂಚಿನ ಮೇಲೆ ಕೂತ್ಕೋಬೇಕು, ಅಮ್ಮ” ಎಂದಿರಿ. ಸಭೆ ನಕ್ಕಿತು. ತಾಯಿ ಎದ್ದು ಹೋದರು.

ಮರುದಿನ ನಾನೇ ಬಂದು ಆ ಕಲೆ ತೆಗೆದೆ. ಒಣಗಿದ್ದನ್ನು ಮೊಂಡು ಚಾಕುವಿನಿಂದ ಕೆರೆದಾಗ ಬೆಕ್ಕು ಮೈ ನೆಕ್ಕಿ ನುಂಗಿ ಕಾರುವ ಕೂದಲಿನ ಉಂಡೆ ಸಿಕ್ಕಿತು. ಉಳಿದದ್ದಕ್ಕೆ ತಣ್ಣೀರು, ಅಂಟವಾಳದ ನೊರೆ ಸಾಕಾಯಿತು. ತಾಂಬೂಲದ ಕಲೆ ಅಷ್ಟಕ್ಕೆಲ್ಲ ಹೋಗುವುದಿಲ್ಲವೆಂದು ನಿಮ್ಮ ಮನೆಯವರೂ ಹೇಳಿಯಾರು. ಉಂಡೆಯನ್ನು ಈ ಲಕೋಟೆಯಲ್ಲಿಯೇ ಇಟ್ಟಿದ್ದೇನೆ.

ಸಂಘದ ಪುಸ್ತಕ ಕಡಿಯುವ ಇಲಿಗಳಿಗೆಂದು ಆ ಬೆಕ್ಕನ್ನು ತಂದವರು ನೀವು. ‘ನಮ್ಮ ಗ್ರಂಥಪಾಲಕ’ ಎಂದು ಅದನ್ನು ಸಭೆಗೆ ಪರಿಚಯಿಸಿದ್ದೂ ನೀವೇ. ನೀವು ಮರೆತಿರಬಹುದು, ನಾನು ಮರೆತಿಲ್ಲ.

ವಿಷಯ ತಿಳಿದ ತಾಯಿ, “ಬೆಕ್ಕು ಕಾರಿದ್ದಕ್ಕ ನಾ ಯಾಕ ಹೊರಗ ಕೂಡ್ಲಿ? ಜಮಖಾನಿ ನಟ್ಟನಡುವಽ ಕೂಡ್ತೀನಿ, ಎಬ್ಬಸ್ಲಿ ನೋಡೋಣು” ಎಂದರು.

ಬರುವ ಭಾನುವಾರ ಅವರು ಅಲ್ಲಿ ಕೂತಿರುತ್ತಾರೆ. ಮನೆಗೆ ಬಂದು ಗುಟ್ಟಾಗಿ ಕ್ಷಮೆ ಕೇಳುವ ತೊಂದರೆ ತೆಗೆದುಕೊಳ್ಳಬೇಡಿ. ಅಂದು ನಕ್ಕವರೆಲ್ಲರ ಎದುರು ನಿಂತು, ಜಮಖಾನೆ ಕೆಡಿಸಿದ್ದು ಯಾರೆಂದು ಉತ್ತರ ಕೊಡಿ.

ಸಂಘದ ಹಳೆಯ ಸದಸ್ಯ,
ಶೆಟ್ಟೆಪ್ಪ ಹಂಚಿನಾಳ